ಕುಣಿತಕ್ಕೂ ಪರೀಕ್ಷೆಯೆ?

ಕಲೆಗೆ ಪರೀಕ್ಷೆ ಎಂದೊಡನೆ ಮೂಗು ಮುರಿಯುವವರು ನಮ್ಮಲ್ಲಿ ಬಹಳ ಮಂದಿ. ಹೂವನ್ನು ತಕ್ಕಡಿಯಲ್ಲಿಟ್ಟು ತೂಗುವುದುಂಟೆ ಎಂದು ಅವರು ಕೇಳುತ್ತಾರೆ. ಮಾತೇನೋ ಇಂಪಾಗಿದೆ, ಒಪ್ಪಲು ಮಾತ್ರ ನನ್ನಿಂದಾಗದು. ಏಕೆಂಬುದನ್ನು ಐರ್ಲೆಂಡಿನ ನೃತ್ಯಪರೀಕ್ಷೆಗಳ ಉದಾಹರಣೆಯಿಂದ ತಿಳಿಸಬಯಸುತ್ತೇನೆ. ಅಷ್ಟು ದೂರ ಹೋಗಬೇಕೆ ಎನ್ನಬಹುದು. ನಮ್ಮಲ್ಲಿಯೂ ಭರತನಾಟ್ಯಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳಿವೆಯಲ್ಲ! ನಿಜ. ಆದರೆ ಪಕ್ಕದ ಮನೆಯ ಜಗಳದಲ್ಲಿ ನ್ಯಾಯ ಕಾಣುವಷ್ಟು ಸುಲಭವಾಗಿ ನಮ್ಮ ಮನೆಯ ಜಗಳದಲ್ಲಿ ಕಾಣುವುದಿಲ್ಲ.

ಐರಿಷ್ ನೃತ್ಯವೆಂದರೆ ಮುಖ್ಯವಾಗಿ ಕಾಲಿನ ನೃತ್ಯ. ಮೈ ನೆಟ್ಟಗೆ, ತೋಳುಗಳು ಪಕ್ಕಕ್ಕೆ ಅಂಟಿಕೊಂಡಂತೆ, ದುಡಿಮೆಯೆಲ್ಲ ಪಾದದ್ದು. ಕೆಲವನ್ನು ಮೆತ್ತನೆಯ ಪಾದರಕ್ಷೆ ತೊಟ್ಟು ಕುಣಿಯುತ್ತಾರೆ. ಮತ್ತೆ ಕೆಲವಕ್ಕೆ ಗಟ್ಟಿ ಅಟ್ಟೆಯ ಪಾದರಕ್ಷೆ, ಅದರಿಂದ ನೆಲವನ್ನೇ ವಾದ್ಯದಂತೆ ನುಡಿಸುತ್ತಾರೆ. ಸ್ಲಿಪ್ ಜಿಗ್ ಎಂಬುದಕ್ಕೆ ಒಂಬತ್ತರ ಎಣಿಕೆ. ನಮ್ಮ ಸಂಕೀರ್ಣ ನಡೆಯ ನಾಲ್ಕು-ಐದಲ್ಲ, ಮೂರರ ಮೂರು ಗುಂಪು. 1994ರಲ್ಲಿ ಡಬ್ಲಿನ್ನಿನಲ್ಲಿ ನಡೆದ ಯೂರೋವಿಷನ್ ಗಾನಸ್ಪರ್ಧೆಯ ಬಿಡುವಿನಲ್ಲಿ ‘ರಿವರ್‌ಡಾನ್ಸ್’ ತೋರಿದ ಮೇಲೆ ಈ ಕುಣಿತ ಲೋಕಕ್ಕೆಲ್ಲ ಪರಿಚಯವಾಯಿತು.

ಹದಿನೆಂಟನೆಯ ಶತಮಾನದಲ್ಲಿ ಇದನ್ನು ಕಲಿಸುತ್ತಿದ್ದವರು ಊರೂರು ಅಲೆಯುವ ಗುರುಗಳು. ಎಡ ಬಲ ತಿಳಿಯದ ಹಳ್ಳಿಯ ಮಕ್ಕಳ ಒಂದು ಕಾಲಿಗೆ ಹುಲ್ಲಿನ ಹಗ್ಗವನ್ನೂ ಇನ್ನೊಂದಕ್ಕೆ ಬಳ್ಳಿಯನ್ನೂ ಕಟ್ಟಿ ಹೆಜ್ಜೆ ಹೇಳಿಕೊಡುತ್ತಿದ್ದರೆಂದು ಕತೆಯಿದೆ. 1893ರಲ್ಲಿ ಹುಟ್ಟಿದ ಗೇಲಿಕ್ ಲೀಗ್, ತನ್ನ ನುಡಿಯೊಡನೆ ಕುಣಿತವನ್ನೂ ಉಳಿಸಿಕೊಳ್ಳಲು ಹೊರಟು, 1930ರ ಸುಮಾರಿಗೆ ಐರಿಷ್ ನೃತ್ಯ ಆಯೋಗವನ್ನು ಸ್ಥಾಪಿಸಿತು. ಇಂದು ಶ್ರೇಣಿಪರೀಕ್ಷೆಗಳನ್ನು ನಡೆಸುವ ಸಂಸ್ಥೆಗಳಲ್ಲಿ ಇದು ಪ್ರಮುಖವಾದುದು. ಪ್ರಾರಂಭಿಕ ಪರೀಕ್ಷೆಯೊಂದು, ಅದರ ಮೇಲೆ ಹನ್ನೆರಡು ಶ್ರೇಣಿಗಳು. ಒಂದು ಮೆಟ್ಟಿಲನ್ನು ದಾಟಿಯೇ ಮತ್ತೊಂದು. ಆ ಆಯೋಗದ ಶಿಕ್ಷಕರ ಪರೀಕ್ಷೆಗೆ ಕೂಡಬೇಕೆನ್ನುವವರು ಈ ಹನ್ನೆರಡನ್ನೂ ಮುಗಿಸಿರಬೇಕು. ಅಲ್ಲಿ ಮೂವತ್ತು ಸಮೂಹನೃತ್ಯಗಳು ಬಾಯಿಗೂ ಕಾಲಿಗೂ ಬರಬೇಕು, ಬರವಣಿಗೆಯ ಪ್ರಶ್ನೆಪತ್ರಿಕೆ ಬೇರೆ, ಪಾಠ ಹೇಳಿ ತೋರಿಸುವುದು ಬೇರೆ.

ಈ ಪರೀಕ್ಷೆಗಳ ಗುಣ ತಿಳಿಯಬೇಕಾದರೆ ಪಕ್ಕದಲ್ಲಿ ‘ಫೆಶ್’ ಎಂಬ ಸ್ಪರ್ಧೆಯನ್ನಿಟ್ಟು ನೋಡಬೇಕು. ಫೆಶ್‌ನಲ್ಲಿ ಮೊದಲನೆಯ ಸ್ಥಾನ ಒಂದೇ. ಒಬ್ಬಳು ಗೆಲ್ಲಬೇಕಾದರೆ ಉಳಿದವರು ಸೋಲಬೇಕು. ಜೊತೆಗೆ ಥಳಥಳಿಸುವ ಉಡುಪು, ಗುಂಗುರು ಕೂದಲಿನ ವಿಗ್ಗು. ಉಡುಪೊಂದಕ್ಕೇ ಸಾವಿರ ಯೂರೋಗಳನ್ನು ಮೀರಿ ತೆರುವವರಿದ್ದಾರೆ. ಶ್ರೇಣಿಪರೀಕ್ಷೆಯಲ್ಲಿ ಇವಾವುದೂ ಇಲ್ಲ. ಅಲ್ಲಿ ಮಗುವನ್ನು ಅಳೆಯುವುದು ಇನ್ನೊಂದು ಮಗುವಿನಿಂದಲ್ಲ, ಗೊತ್ತುಪಡಿಸಿದ ಒಂದು ಮಟ್ಟದಿಂದ. ಹತ್ತು ಮಂದಿ ಬಂದು ಹತ್ತು ಮಂದಿಯೂ ಚೆನ್ನಾಗಿ ಕುಣಿದರೆ ಹತ್ತು ಮಂದಿಯೂ ಪಾಸು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ರ‍್ಯಾಂಕು, ಇದು ಪದವಿ. ರ‍್ಯಾಂಕು ಬರದವರೆಲ್ಲ ಓದಿಲ್ಲವೆಂದರೆ ಈ ಸಂಚಿಕೆಯನ್ನು ಓದಲು ಎಷ್ಟು ಮಂದಿ ಉಳಿದೇವು?

2022ರಲ್ಲಿ ಇದೇ ಆಯೋಗದ ಸ್ಪರ್ಧೆಗಳಲ್ಲಿ ಫಲಿತಾಂಶಗಳನ್ನು ಮೊದಲೇ ಕುದುರಿಸಿಕೊಳ್ಳುತ್ತಿದ್ದರೆಂಬ ಆಪಾದನೆಗಳೆದ್ದು, ವಿಚಾರಣೆಗೆ ನಿವೃತ್ತ ನ್ಯಾಯಾಧೀಶರನ್ನು ಕರೆಯಬೇಕಾಯಿತು. ಗಮನಿಸಿ: ಗದ್ದಲವೆದ್ದದ್ದು ಸ್ಪರ್ಧೆಯ ವಿಚಾರದಲ್ಲಿ. ಒಂದೇ ಕುರ್ಚಿಗೆ ನೂರು ಮಂದಿ ಹಾತೊರೆಯುವಲ್ಲಿ ಶಿಫಾರಸಿಗೆ ಬೆಲೆ ಬರುತ್ತದೆ. ಯೋಗ್ಯರಿಗೆಲ್ಲ ಕುರ್ಚಿಯಿರುವಲ್ಲಿ ಅದಕ್ಕೆ ಅಷ್ಟು ಗಿರಾಕಿ ಇಲ್ಲ. ಪರೀಕ್ಷಕರು ದೇವರೆಂದು ನಾನು ಹೇಳುತ್ತಿಲ್ಲ. ನೃತ್ಯಪರೀಕ್ಷೆಯಲ್ಲಿ ಮುಖ ಕಾಣುತ್ತದೆ. ನಮ್ಮ ಉತ್ತರಪತ್ರಿಕೆಯಂತೆ ಬರಿಯ ನೋಂದಣಿ ಸಂಖ್ಯೆಯ ಮರೆಯಲ್ಲಿ ಅಡಗಲಾಗದು. ಆದರೂ ‘ಇಂಥ ಶ್ರೇಣಿಗೆ ಇಷ್ಟು ಬರಬೇಕು’ ಎಂದು ಅಚ್ಚಾದ ಪಟ್ಟಿಯೊಂದು ಇಬ್ಬರ ನಡುವೆ ಇರುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಬಿ.ಎ. ತರಗತಿಗೆ ಬಂದ ನನ್ನಂಥವರಿಗೆ ಆ ಪಟ್ಟಿಯ ಬೆಲೆ ಗೊತ್ತು. ಇಂಥ ಗುರುವಿನ ಶಿಷ್ಯ, ಇಂಥವರ ಮಗಳು ಎಂಬ ಪರಿಚಯದ ಮಾತಿಲ್ಲದವರ ಕೈಗೆ ಸಿಗುವ ಪರಿಚಯಪತ್ರ ಅದೊಂದೇ. ಕಲೆಗೆ ಪರೀಕ್ಷೆ ಏಕೆ ಎನ್ನುವವರಲ್ಲಿ ಹಲವರು ಆ ಇನ್ನೊಂದು ಪರಿಚಯವನ್ನು ಹುಟ್ಟಿನಿಂದಲೇ ಪಡೆದವರೆಂಬುದು ನನ್ನ ಗುಮಾನಿ.

ಇಷ್ಟು ಹೇಳಿದ ಮೇಲೆ ಪರೀಕ್ಷೆಯ ನಿಜವಾದ ದೋಷವನ್ನೂ ಹೇಳಬೇಕು. ಅದು ತೂಗುವುದರಲ್ಲಿಲ್ಲ, ಪಟ್ಟಿಯಲ್ಲಿಲ್ಲದ್ದು ಕಲೆಯೇ ಅಲ್ಲವೆನಿಸಿಬಿಡುವುದರಲ್ಲಿದೆ. ಫ್ರಾನ್ಸಿನಿಂದ ಬಂದ ಕ್ವಾಡ್ರಿಲ್ಲಿನಿಂದ ಬೆಳೆದು ಹಳ್ಳಿಯ ಅಡುಗೆಮನೆಗಳಲ್ಲಿ ಜನ ಜೋಡಿಜೋಡಿಯಾಗಿ ಕುಣಿಯುತ್ತಿದ್ದ ‘ಸೆಟ್’ಗಳನ್ನು ಪರದೇಶದವೆಂದು ಗೇಲಿಕ್ ಲೀಗಿನವರು ದೂರವಿಟ್ಟರು. ತಮ್ಮ ಅಜ್ಜಂದಿರ ಕುಣಿತ ಹೇಗೆ ಪರದೇಶದ್ದಾಯಿತೆಂದು ಆ ರೈತರಿಗೆ ತಿಳಿದಿತ್ತೋ ಇಲ್ಲವೋ! 1980ರ ದಶಕದಲ್ಲಿ ಅವು ಮತ್ತೆ ಚಿಗುರಿದುದು ಬೇಸಿಗೆಯ ಶಿಬಿರಗಳಲ್ಲಿ, ಆಯೋಗದ ಪರೀಕ್ಷಾಕೊಠಡಿಯಲ್ಲಲ್ಲ. ಪಶ್ಚಿಮದ ಕಾನಮಾರಾ ಸೀಮೆಯ ‘ಶಾನ್ ನೋಸ್’ ಕುಣಿತದ ಪಾಡೂ ಹೀಗೆಯೇ. ಅಲ್ಲಿ ತೋಳು ಸಡಿಲ, ಹೆಜ್ಜೆ ನೆಲಕ್ಕೆ ಹತ್ತಿರ, ಮುಂದಿನ ಹೆಜ್ಜೆ ಯಾವುದೆಂಬುದು ಆ ಕ್ಷಣದ ಸಂಗೀತ ಹೇಳಿದಂತೆ. ತೋಳು ನೆಟ್ಟಗಿದ್ದರೆ ಅಂಕ ಕೊಡುವ ಪರೀಕ್ಷೆಗೆ ಇದು ತಪ್ಪಿನ ಮೂಟೆಯಾಗಿಯೇ ಕಾಣಬೇಕಷ್ಟೆ. ನಾವೂ ಬೇರೆಯವರಲ್ಲ. ಜೂನಿಯರ್ ಪಾಸಾದ ಹುಡುಗಿಯನ್ನು ‘ನೃತ್ಯ ಕಲಿತಿದ್ದಾಳೆ’ ಎನ್ನುತ್ತೇವೆ. ಜಾತ್ರೆಯಲ್ಲಿ ರಾತ್ರಿಯೆಲ್ಲ ಕಂಸಾಳೆ ಬೀಸುವವನನ್ನು ‘ಕುಣಿಯುತ್ತಾನೆ’ ಎಂದಷ್ಟೇ ಹೇಳುತ್ತೇವೆ.

ಹಾಗೆಂದು ಪರೀಕ್ಷೆಯನ್ನೇ ಕಿತ್ತೊಗೆದರೆ ಶಾನ್ ನೋಸ್ ಕುಣಿಯುವವನಿಗೆ ಬರುವುದೇನೂ ಇಲ್ಲ. ಹನ್ನೆರಡು ಮೆಟ್ಟಿಲು ಹತ್ತುತ್ತಿರುವ ಬಡ ಹುಡುಗಿಯ ಕೈಯಲ್ಲಿರುವುದೂ ಹೋಗುತ್ತದೆ. ಬದಲಿಸಬೇಕಾದದ್ದು ಪಟ್ಟಿಯನ್ನು. ಕೊನೆಯ ಶ್ರೇಣಿಗಳಲ್ಲಿ, ಗೊತ್ತುಪಡಿಸಿದ ಹೆಜ್ಜೆಗಳೆಲ್ಲ ಮುಗಿದ ಮೇಲೆ, ಪಿಟೀಲಿನವನು ಅಭ್ಯರ್ಥಿ ಕೇಳಿರದ ರೀಲ್ ಒಂದನ್ನು ನುಡಿಸಲಿ. ತೋಳು ಹೇಗಾದರೂ ಇರಲಿ, ತೋಚಿದಂತೆ ಎರಡು ನಿಮಿಷ ಕುಣಿ ಎನ್ನಲಿ. ಅದಕ್ಕೆ ಎಷ್ಟು ಅಂಕವಿಡಬೇಕೆಂಬುದನ್ನು ಆಯೋಗದವರೇ ಚರ್ಚಿಸಿಕೊಳ್ಳಲಿ. ನಮ್ಮ ವಿದ್ವತ್ ಪರೀಕ್ಷೆಗೂ ಇಂಥದೊಂದು ಪ್ರಶ್ನೆಯನ್ನು ಸೇರಿಸಬಹುದೆ ಎಂಬುದನ್ನು ಬಲ್ಲವರು ಹೇಳಬೇಕು.