ಕನ್ನಡಿಯ ಸಾಕ್ಷ್ಯವೂ ದಾರದ ಸಾಕ್ಷ್ಯವೂ

ಮನುಷ್ಯನು ತನ್ನ ಮುಖವನ್ನು ತಾನು ಎಂದಿಗೂ ನೇರವಾಗಿ ಕಾಣಲಾರನು. ಕನ್ನಡಿಯಲ್ಲಿ ಕಾಣುವುದು ಎಡಬಲಗಳು ಅದಲುಬದಲಾದ ಮುಖ. ಪಟದಲ್ಲಿ ಕಾಣುವುದು ಪರರು ನೋಡುವ ಮುಖ. ಇವೆರಡಕ್ಕೂ ಇರುವ ಅಲ್ಪ ಅಂತರದಿಂದ ಒಂದು ಸಂಸಾರದಲ್ಲಿ ಎಷ್ಟು ಮನಃಕ್ಲೇಶ ಉಂಟಾಗಬಹುದೆಂಬುದು ವೈಟ್‌ಫೀಲ್ಡಿಗೆ ಬಂದು ನೆಲೆಸಿದ ಮೇಲೆ ನನಗೆ ಚೆನ್ನಾಗಿ ತಿಳಿಯಿತು.

ಈ ಊರು 1882ರಲ್ಲಿ ಆಂಗ್ಲೋ-ಇಂಡಿಯನ್ ಜನರ ಬೇಸಾಯದ ವಸತಿಯಾಗಿ ಹುಟ್ಟಿತೆಂಬುದು ವಾಚಕರಿಗೆ ಗೊತ್ತಿರಬಹುದು. ಈಗ ಆ ಹೊಲತೋಟಗಳಿದ್ದ ಕಡೆ ಗಾಜಿನ ಕಟ್ಟಡಗಳೆದ್ದಿವೆ. ಅವುಗಳಲ್ಲಿ ಕೆಲಸಮಾಡುವ ಯುವಕ ಯುವತಿಯರು 2020ರ ಮಹಾಮಾರಿಯ ಕಾಲದಿಂದ ಸಭೆಗಳನ್ನೆಲ್ಲ ಕಂಪ್ಯೂಟರಿನ ಪರದೆಯ ಮೇಲೆಯೇ ನಡೆಸುವುದಕ್ಕೆ ಒಗ್ಗಿಕೊಂಡಿದ್ದಾರೆ. ಆ ಪರದೆಯ ಒಂದು ಮೂಲೆಯಲ್ಲಿ ಅವರವರ ಮುಖವೇ ಅವರವರಿಗೆ ಗಂಟೆಗಟ್ಟಲೆ ಕಾಣುತ್ತಿರುತ್ತದೆ. ನಮ್ಮ ಅಜ್ಜಿಯರು ಕುಂಕುಮವಿಟ್ಟುಕೊಳ್ಳುವಾಗ ಒಮ್ಮೆ ಕನ್ನಡಿ ನೋಡಿ ಅದನ್ನು ಮಗುಚಿಡುತ್ತಿದ್ದರು. ಯಾವ ಪದಾರ್ಥವನ್ನೇ ಆಗಲಿ ಅಷ್ಟು ಹೊತ್ತು ದಿಟ್ಟಿಸಿದರೆ ಅದರಲ್ಲಿ ಕೊರತೆ ಕಾಣದೆ ಇರುವುದುಂಟೆ?

ನಮ್ಮ ನೆರೆಮನೆಯವರಿಗೆ ಇಬ್ಬರು ಮಕ್ಕಳು. ಹಿರಿಯವಳಿಗೆ 24 ವರ್ಷ, ಇಂತಹದೊಂದು ಕಚೇರಿಯಲ್ಲಿ ಉದ್ಯೋಗ. ಕಿರಿಯವನು 9 ವರ್ಷದ ಹುಡುಗ. ಮಗಳಿಗೆ ಸಂಬಂಧ ನೋಡುತ್ತಿದ್ದರು. ವರನ ಕಡೆಯವರಿಗೆ ಕಳುಹಿಸಲೆಂದು ತೆಗೆಸಿದ ಪಟವನ್ನು ಕಂಡು ಹುಡುಗಿ ಅತ್ತಳಂತೆ. ತಾಯಿ ಆ ಪಟವನ್ನು ತಂದು ನನ್ನ ಮುಂದಿಟ್ಟು, “ರಾಯರೆ, ನೀವೇ ನೋಡಿ ಹೇಳಿ. ಇವಳ ಗದ್ದ ಒಂದು ಕಡೆಗೆ ವಾಲಿದೆಯೆ? ದವಡೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತೇನೆಂದು ಹಟ ಹಿಡಿದಿದ್ದಾಳೆ” ಎಂದರು. ನಾನು ಕನ್ನಡಕವನ್ನು ಒರೆಸಿಕೊಂಡು ನೋಡಿದೆನು, ನನಗೇನೂ ಕಾಣಲಿಲ್ಲ. ಆದರೆ ಮುದುಕನ ಕಣ್ಣು ಪ್ರಮಾಣವಲ್ಲವಷ್ಟೆ. ಆದಕಾರಣ ಹಲ್ಲು ದವಡೆಗಳ ವಕ್ರತೆಯನ್ನು ತಿದ್ದುವ ವೈದ್ಯರಾದ ನನ್ನ ಮಿತ್ರರೊಬ್ಬರ ಬಳಿಗೆ ಎಲ್ಲರೂ ಕೂಡಿಯೇ ಹೋದೆವು. ಹುಡುಗನನ್ನು ಮನೆಯಲ್ಲಿ ಒಬ್ಬನನ್ನೇ ಬಿಡಲಾರದೆ ಅವನನ್ನೂ ಕರೆತಂದಿದ್ದರು.

ವೈದ್ಯರು ದೊಡ್ಡ ಯಂತ್ರವೇನನ್ನೂ ಹೊರತೆಗೆಯಲಿಲ್ಲ. ಹುಡುಗಿಯನ್ನು ನೆಟ್ಟಗೆ ಕೂರಿಸಿ, ಹಲ್ಲಿನ ಸಂದು ತೆಗೆಯುವ ನೂಲನ್ನು ಹುಬ್ಬುಗಳ ನಡುವಿನಿಂದ ಗದ್ದದವರೆಗೆ ಬಿಗಿಯಾಗಿ ಹಿಡಿದರು. ಮೂಗಿನ ಬುಡ, ಮೇಲ್ದುಟಿಯ ನಡುವಣ ತಗ್ಗು, ಮೇಲಣ ಎರಡು ಬಾಚಿಹಲ್ಲುಗಳ ಸಂದು, ಕೆಳಗಿನವುಗಳ ಸಂದು, ಗದ್ದದ ನಡು, ಇವು ಆ ನೂಲಿಗೆ ಎಷ್ಟು ಹತ್ತಿರ, ಎಷ್ಟು ದೂರ ಎಂಬುದನ್ನು ನೋಡಿ ಬರೆದುಕೊಂಡರು. ಆಮೇಲೆ ಒಂದು ಚಪ್ಪಟೆ ಕಡ್ಡಿಯನ್ನು ಹಲ್ಲುಗಳ ನಡುವೆ ಅಡ್ಡವಾಗಿ ಕಚ್ಚಿಸಿ, ಅದು ಕಣ್ಣುಗಳ ಸಾಲಿಗೆ ಸಮವಾಗಿದೆಯೋ ಒಂದು ಕಡೆಗೆ ಇಳಿದಿದೆಯೋ ಎಂದು ಪರೀಕ್ಷಿಸಿದರು. ಇದನ್ನು ನೋಡುತ್ತಿದ್ದ ನನಗೆ ನಮ್ಮ ಶಿಲ್ಪಿಗಳ ನೆನಪಾಯಿತು. ವಿಗ್ರಹವನ್ನು ಕಡೆಯುವ ಮುನ್ನ ಅವರೂ ಬ್ರಹ್ಮಸೂತ್ರವೆಂಬ ನಡುಗೆರೆಯನ್ನು ಎಳೆದುಕೊಳ್ಳುತ್ತಾರೆ. ನವತಾಲದ ಪ್ರತಿಮೆಯಲ್ಲಿ ಮುಖಕ್ಕೆ 12 ಅಂಗುಲ. ಅದರಲ್ಲಿ ಹಣೆಗೆ 4, ಮೂಗಿಗೆ 4, ಅಲ್ಲಿಂದ ಗದ್ದಕ್ಕೆ 4. ಇಂದಿನ ದಂತವೈದ್ಯರೂ ಮುಖವನ್ನು ಹೀಗೆಯೇ ಮೂರು ಪಾಲುಮಾಡಿ ನೋಡುವರು. ವ್ಯತ್ಯಾಸವಿಷ್ಟೆ: ಶಿಲ್ಪಿಯು ದಾರಕ್ಕೆ ಸರಿಯಾಗಿ ಕಲ್ಲನ್ನು ಕಡೆಯುತ್ತಾನೆ; ವೈದ್ಯನಿಗೆ ಎದುರಾಗುವ ಮುಖವು ದಾರಕ್ಕೆ ಸರಿಯಾಗಿ ಹುಟ್ಟಿದುದಲ್ಲ. ಎಡವೂ ಬಲವೂ ಪೂರಾ ಸಮನಾಗಿರುವ ಮುಖವು ಲೋಕದಲ್ಲಿ ಇಲ್ಲವೆಂದೇ ಹೇಳಬಹುದು.

ಹುಡುಗಿಯ ಮೇಲ್ಹಲ್ಲುಗಳ ನಡು 1 ಮಿಲಿಮೀಟರು, ಗದ್ದ 2 ಮಿಲಿಮೀಟರು ಎಡಕ್ಕೆ ಸರಿದಿದ್ದವು. ಹಾಗಾದರೆ ಅವಳು ಕಂಡದ್ದು ಸುಳ್ಳಲ್ಲ. ಆದರೆ ಪರರಿಗೆ ಅದು ಕಾಣುತ್ತದೆಯೆ ಎಂಬುದು ಬೇರೆ ಪ್ರಶ್ನೆ. ಇದನ್ನು ಕುರಿತು ಹೊರದೇಶಗಳಲ್ಲಿ ವಿಚಾರ ನಡೆದಿದೆ. 1999ರಲ್ಲಿ ಅಮೆರಿಕದ ಕೋಕಿಚ್ ಮೊದಲಾದವರು, ಹಲ್ಲುಗಳ ನಡುಗೆರೆಯನ್ನು ಸ್ವಲ್ಪ ಸ್ವಲ್ಪವಾಗಿ ಸರಿಸಿದ ನಗುವಿನ ಚಿತ್ರಗಳನ್ನು ಜನರಿಗೆ ತೋರಿಸಿದರು. 4 ಮಿಲಿಮೀಟರು ಸರಿದಿದ್ದರೂ ಸಾಮಾನ್ಯ ಜನರೂ ಸಾಮಾನ್ಯ ದಂತವೈದ್ಯರೂ ಅದನ್ನು ಗುರುತಿಸಲಿಲ್ಲ. ಆದರೆ ಹಲ್ಲು ಓರೆಯಾಗಿ 2 ಮಿಲಿಮೀಟರು ವಾಲಿದ್ದರೆ ಎಲ್ಲರೂ ಗುರುತಿಸಿದರು. ಅದೇ ವರ್ಷ ಜಾನ್ಸ್‌ಟನ್ ಮೊದಲಾದವರು ನಡೆಸಿದ ಪರೀಕ್ಷೆಯಲ್ಲಿಯಾದರೋ 2 ಮಿಲಿಮೀಟರು ಸರಿದಾಗಲೇ ಸಾಮಾನ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಡಮೆ ಅಂಕ ಕೊಟ್ಟರು. ಒಂದಕ್ಕೊಂದು ವಿರೋಧವಲ್ಲವೆ ಎಂದು ನಾನು ಕೇಳಿದೆ. ಮೊದಲನೆಯವರು ಮೂಗು ಗದ್ದಗಳನ್ನು ಮರೆಮಾಡಿ ತುಟಿಗಳ ನಡುವಣ ಭಾಗವನ್ನು ಮಾತ್ರ ತೋರಿಸಿದ್ದರಂತೆ. ಹೋಲಿಸಲು ಮುಖವೇ ಇಲ್ಲದಾಗ ಕಣ್ಣಿಗೆ ನಡು ಎಲ್ಲಿಂದ ಸಿಕ್ಕೀತು? ಹುಡುಗಿಯ ಹಲ್ಲುಗಳೋ 1 ಮಿಲಿಮೀಟರು ಮಾತ್ರ ಸರಿದು, ನೆಟ್ಟಗೆ ನಿಂತಿದ್ದವು.

“ಹಾಗಾದರೆ ಪಟದಲ್ಲಿ ನನಗೆ ಅಷ್ಟು ಸ್ಪಷ್ಟವಾಗಿ ಕಾಣುವುದೇಕೆ ಡಾಕ್ಟರೇ?” ಎಂದು ಹುಡುಗಿ ಕೇಳಿದಳು. ವೈದ್ಯರು ಹೇಳಿದ ಸಮಾಧಾನ ಸ್ವಾರಸ್ಯವಾಗಿತ್ತು. ಅವಳು ಜನ್ಮವಿಡೀ ಕನ್ನಡಿಯಲ್ಲಿ ಕಂಡದ್ದು ತಿರುಗಿದ ಮುಖವನ್ನು. ಕಚೇರಿಯ ಸಭೆಯ ಪರದೆಯೂ ಸಾಮಾನ್ಯವಾಗಿ ಅವರವರಿಗೆ ಕನ್ನಡಿಯಂತೆ ತಿರುಗಿಸಿಯೇ ತೋರಿಸುತ್ತದೆ. ಪಟದಲ್ಲಿ ಎಡದ ಓರೆಯು ಥಟ್ಟನೆ ಮತ್ತೊಂದು ಕಡೆಗೆ ಹೋದಂತಾಗಿ, 2 ಮಿಲಿಮೀಟರಿನ ಅಂತರವು 4ರಂತೆ ತೋರುತ್ತದೆ. 1977ರಲ್ಲಿ ಅಮೆರಿಕದ ಮೀಟಾ ಎಂಬವರೂ ಅವರ ಸಂಗಡಿಗರೂ ಕೆಲವು ವಿದ್ಯಾರ್ಥಿನಿಯರ ಪಟಗಳನ್ನು ನೇರವಾಗಿಯೂ ತಿರುಗಿಸಿಯೂ ಅಚ್ಚುಹಾಕಿ ತೋರಿಸಿದಾಗ, ಅವರು ತಮ್ಮ ತಿರುಗಿದ ಪಟವನ್ನೇ ಹೆಚ್ಚಾಗಿ ಮೆಚ್ಚಿದರು. ಅವರ ಗೆಳತಿಯರು ನೇರವಾದುದನ್ನು ಮೆಚ್ಚಿದರು. ಇನ್ನು ಕೈಯಲ್ಲಿ ಫೋನು ಹಿಡಿದು ತಾವೇ ತೆಗೆದುಕೊಳ್ಳುವ ಪಟದ ಮಾತು ಬೇಡವೇ ಬೇಡ. 12 ಅಂಗುಲ ದೂರದಿಂದ ತೆಗೆದ ಪಟದಲ್ಲಿ ಮೂಗು, 5 ಅಡಿ ದೂರದಿಂದ ತೆಗೆದುದಕ್ಕಿಂತ ಶೇಕಡ 30ರಷ್ಟು ಅಗಲವಾಗಿ ಕಾಣುವುದೆಂದು 2018ರಲ್ಲಿ ಲೆಕ್ಕಹಾಕಿದ್ದಾರೆ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು. ಮುಖವನ್ನು ಕೊಂಚ ತಿರುಗಿಸಿದರೂ ಒಂದು ದವಡೆ ಉಬ್ಬುತ್ತದೆ.

ಇಷ್ಟರಲ್ಲಿ, ಈ ವಿಚಾರದಲ್ಲಿ ಕಿಂಚಿತ್ತೂ ಆಸಕ್ತಿಯಿಲ್ಲದೆ ಮೂಲೆಯಲ್ಲಿ ಕುಳಿತಿದ್ದ ಹುಡುಗನು ಆಕಳಿಸಿದನು. ವೈದ್ಯರ ಮಾತು ಅಲ್ಲಿಗೇ ನಿಂತಿತು. “ಇನ್ನೊಂದು ಸಲ ಬಾಯಿ ತೆರೆ ಮಗು, ನಿಧಾನವಾಗಿ” ಎಂದರು. ಬಾಯಿ ತೆರೆದಂತೆಲ್ಲ ಅವನ ಗದ್ದ ಬಲಕ್ಕೆ ಜಾರಿತು. ಅವನದೇ ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ಇರಿಸಹೇಳಿದರೆ ಎರಡು ಹಿಡಿದವು, ಮೂರನೆಯದು ಹಿಡಿಯಲಿಲ್ಲ.

ತಾಯಿ ಹೇಳಿದರು: “ಅವನ ಎಡಗೆನ್ನೆ ಬತ್ತಿರುವುದನ್ನು ನಾವೂ ಕಂಡಿದ್ದೇವೆ. ಆ ಕಡೆ ಅಗಿಯುವುದಿಲ್ಲವೋ ಏನೋ ಎಂದು ಎಣ್ಣೆ ತಿಕ್ಕುತ್ತಿದ್ದೇನೆ.” ಎಣ್ಣೆ ತಿಕ್ಕಿದ್ದು ಆರೋಗ್ಯವಾದ ಕಡೆಗೆ! ಎರಡು ವರ್ಷದ ಹಿಂದೆ ಹುಡುಗನು ಬೈಸಿಕಲ್ಲಿನಿಂದ ಬಿದ್ದು ಗದ್ದ ಸೀಳಿಕೊಂಡಿದ್ದನು, ಹೊಲಿಗೆ ಹಾಕಿಸಿದ್ದರು, ಗಾಯ ಮಾಯಿತು, ಎಲ್ಲರೂ ಮರೆತರು. ಗದ್ದಕ್ಕೆ ಬಿದ್ದ ಪೆಟ್ಟು ಕೆಳದವಡೆಯ ಮೂಲಕ ಕಿವಿಯ ಮುಂದಿನ ಕೀಲಿಗೆ ಹೋಗಿ, ಅಲ್ಲಿನ ಮೂಳೆಯ ತುದಿಯನ್ನು ಮುರಿದಿರಬಹುದೆಂದು ಆಗ ಯಾರೂ ನೆನೆಯಲಿಲ್ಲ. ಹೀಗೆ ಮುರಿದ ಮಕ್ಕಳಲ್ಲಿ ನಾಲ್ವರಲ್ಲಿ ಮೂವರಿಗೆ ದವಡೆ ಸರಿಯಾಗಿಯೇ ಬೆಳೆಯುತ್ತದೆ. ಉಳಿದವರಲ್ಲಿ ಪೆಟ್ಟುಬಿದ್ದ ಕಡೆಯ ಕೀಲು ಬಿಗಿದು, ದವಡೆ ಆ ಕಡೆ ಕುಂಠಿತವಾಗಿ, ಗದ್ದ ಅತ್ತಲೇ ಸೇದಿಕೊಳ್ಳುತ್ತದೆ. ಚಿಕ್ಕ ಮೂಳೆಯ ಮೇಲೆ ಮಾಂಸ ಒತ್ತಿ ಕೂಡಿದುದರಿಂದ ಕೆಟ್ಟ ಕಡೆಯೇ ತುಂಬಿದಂತೆ ಕಾಣುತ್ತದೆ. ನೆಟ್ಟಗೆ ಬೆಳೆದ ಕಡೆಯು ಎಳೆದಂತಾಗಿ ಚಪ್ಪಟೆಯಾಗಿ, ರೋಗ ಅಲ್ಲಿಯೇ ಇದೆಯೆಂದು ನೋಡುವವರನ್ನು ಮೋಸಗೊಳಿಸುತ್ತದೆ.

ಅಕ್ಕನ ಮುಖದಲ್ಲಿ ಇಲ್ಲದುದನ್ನು ಕಂಡು, ತಮ್ಮನ ಮುಖದಲ್ಲಿ ಇದ್ದುದನ್ನು ತಲೆಕೆಳಗಾಗಿ ಕಂಡ ಆ ತಾಯಿಯನ್ನು ನಾನು ದೂರಲಾರೆ. ನಾನೂ ಹುಡುಗನನ್ನು ದಿನವೂ ನೋಡುತ್ತಿದ್ದವನೇ.

ಗೃಹಸ್ಥರು ಮನೆಯಲ್ಲಿಯೇ ನೋಡಿಕೊಳ್ಳತಕ್ಕ ಒಂದು ವಿಧಾನವನ್ನು ವೈದ್ಯರು ತಿಳಿಸಿದರು. ಮಗುವನ್ನು ಬೆಳಕಿಗೆ ಎದುರಾಗಿ ನಿಲ್ಲಿಸಿ ಬಾಯಿಯನ್ನು ಮೆಲ್ಲಗೆ ತೆರೆಸಿ, ಮೆಲ್ಲಗೆ ಮುಚ್ಚಿಸಬೇಕು. ತೆರೆದಾಗ ಸರಿಯಾಗಿದ್ದು, ಹಲ್ಲು ಕೂಡುವ ಗಳಿಗೆಯಲ್ಲಿ ಗದ್ದ ಪಕ್ಕಕ್ಕೆ ಸರಿದರೆ ದೋಷವು ಬಹುಶಃ ಹಲ್ಲುಗಳ ಕೂಟದಲ್ಲಿದೆ: ಮೇಲ್ದವಡೆ ಕಿರಿದಾಗಿ, ಒಂದು ಕಡೆಯ ಮೇಲಣ ಹಲ್ಲುಗಳು ಕೆಳಗಿನವುಗಳ ಒಳಗೆ ಸಿಕ್ಕಿಕೊಂಡಿರುತ್ತವೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸಿನಲ್ಲಿ ಮೇಲ್ದವಡೆಯನ್ನು ಅಗಲಿಸುವುದು ಸುಲಭ. ಅಂಗುಳಿನ ನಡುವಣ ಬೆಸುಗೆ ಗಟ್ಟಿಯಾದ ಮೇಲೆ ಕಷ್ಟ. ತೆರೆದಾಗಲೂ ಮುಚ್ಚಿದಾಗಲೂ ಒಂದೇ ಸಮನೆ ಓರೆಯಿದ್ದರೆ ದೋಷವು ಮೂಳೆಯಲ್ಲಿರಬಹುದು. ತೆರೆದಂತೆಲ್ಲ ಓರೆ ಹೆಚ್ಚಿದರೆ ಕೀಲನ್ನು ನೋಡಬೇಕು. ಗದ್ದಕ್ಕೆ ಪೆಟ್ಟು ಬಿದ್ದಿದ್ದ ಮಗುವಾದರಂತೂ ತಡಮಾಡಲಾಗದು. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ, ಬೆಳವಣಿಗೆ ನಿಲ್ಲಬೇಕಾದ ಕಾಲದಲ್ಲಿ, ಗದ್ದವು ವರ್ಷದಿಂದ ವರ್ಷಕ್ಕೆ ಸರಿಯುತ್ತಲೇ ಇದ್ದರೆ ಅದೂ ಉಪೇಕ್ಷಿಸತಕ್ಕದ್ದಲ್ಲ. ಗದ್ದಕ್ಕೇ ಇಷ್ಟು ಪ್ರಾಮುಖ್ಯವೇಕೆಂದರೆ, ಅಮೆರಿಕದ ಉತ್ತರ ಕೆರೊಲಿನಾದಲ್ಲಿ 1997ರಲ್ಲಿ ಪ್ರಕಟವಾದ ಲೆಕ್ಕದಂತೆ, ಮುಖದ ಓರೆಯಿದ್ದ ರೋಗಿಗಳಲ್ಲಿ ಶೇಕಡ 74 ಮಂದಿಗೆ ಅದು ಮುಖದ ಕೆಳಪಾಲಿನಲ್ಲಿತ್ತು. ಮೇಲ್ಪಾಲಿನಲ್ಲಿ ಇದ್ದದ್ದು ಶೇಕಡ 5 ಮಂದಿಗೆ ಮಾತ್ರ.

ಎಕ್ಸ್-ರೇ ಅಳತೆಯೂ ಪೂರಾ ನಿರ್ದೋಷವಲ್ಲ. 1931ರಲ್ಲಿ ಬ್ರಾಡ್‌ಬೆಂಟ್ ಎಂಬ ಅಮೆರಿಕನ್ನರು ಬಳಕೆಗೆ ತಂದ ಕ್ರಮದಲ್ಲಿ, ಎರಡು ಕಿವಿಗಳಿಗೂ ಕಡ್ಡಿ ಸೇರಿಸಿ ತಲೆಯನ್ನು ಅಲುಗದಂತೆ ನಿಲ್ಲಿಸುತ್ತಾರೆ. ಕಿವಿಗಳೇ ಹೆಚ್ಚುಕಡಮೆಯಾಗಿದ್ದರೆ ತಲೆಯೇ ತಿರುಗಿ, ನೆಟ್ಟಗಿರುವುದೂ ಓರೆಯಾಗಿ ಬೀಳುತ್ತದೆ. ಈಗ ಮೂರು ಆಯಾಮಗಳಲ್ಲಿ ಮೂಳೆಯನ್ನು ತೋರಿಸುವ ಸ್ಕ್ಯಾನು ಬಂದಿದೆ. ಅದರ ಕಿರಣ ಸಾಧಾರಣ ಎಕ್ಸ್-ರೇಗಿಂತ ಹೆಚ್ಚಾದುದರಿಂದ ಹುಡುಗನಿಗೆ ಮಾತ್ರ ಮಾಡಿಸಿದರು, ಅಕ್ಕನಿಗೆ ಬೇಡವೆಂದರು. ಇಂತಹ ಪರೀಕ್ಷೆಗೆ ಬಹಳ ದೂರ ಹೋಗಬೇಕಾಗಿಲ್ಲ; ವೈಟ್‌ಫೀಲ್ಡಿನಲ್ಲಿಯೇ ವೈದೇಹಿ ಸಂಸ್ಥೆಯ ದಂತ ವಿದ್ಯಾಲಯವುಂಟು, ನಗರದಲ್ಲಿ 1958ರಿಂದ ಸರ್ಕಾರಿ ದಂತ ಮಹಾವಿದ್ಯಾಲಯವುಂಟು.

ಹುಡುಗಿಯು ಶಸ್ತ್ರಚಿಕಿತ್ಸೆಯ ಮಾತನ್ನು ಸದ್ಯಕ್ಕೆ ಕೈಬಿಟ್ಟಿದ್ದಾಳೆ. ಪೂರಾ ನಂಬಿದ್ದಾಳೆಂದು ನಾನು ಹೇಳಲಾರೆ, ಪಟವನ್ನು ಮಾತ್ರ ಬೇರೆಯದನ್ನು ಕಳುಹಿಸಿದರು. ಹುಡುಗನ ಕೀಲು ಪೂರಾ ಬೆಸೆದುಕೊಂಡಿರಲಿಲ್ಲವೆಂಬುದು ಪುಣ್ಯ. ರಾತ್ರಿ ಧರಿಸಲು ಒಂದು ಸಾಧನವನ್ನು ಕೊಟ್ಟಿದ್ದಾರೆ. ದಿನಕ್ಕೆ ಮೂರು ಹೊತ್ತು ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಅಡುಕಿ ಹಲ್ಲುಗಳ ನಡುವೆ ಹಿಡಿದು, ಬಾಯಿ ತೆರೆಯುವ ಅಭ್ಯಾಸ ಮಾಡಬೇಕು. ಮೊದಲ ವಾರ 14 ಕಡ್ಡಿ ಹಿಡಿಯುತ್ತಿದ್ದವು. ಮೊನ್ನೆ ಸಂಜೆ ಬೇಲಿಯ ಆಚೆಯಿಂದ ಕೂಗಿ, ಕಡ್ಡಿಯ ಕಟ್ಟನ್ನು ಎತ್ತಿ ತೋರಿಸಿದನು: “ತಾತ, 18!”