ಕಾವಲುಗಾರನಿಗೆ ಜಗಲಿಯೇ ಸಾಕು

ನಮ್ಮ ಹಿರಿಯರು ಕಟ್ಟಿಸಿದ ಮನೆಗಳಲ್ಲಿ ಒಂದು ಕ್ರಮವಿದ್ದಿತು. ದಾರಿಹೋಕನಿಗೆ ಜಗಲಿ, ಪರಿಚಿತನಿಗೆ ಹಜಾರ, ಬಂಧುಗಳಿಗೆ ನಡುಮನೆ; ಒಡವೆ ಮತ್ತು ಕಾಗದಪತ್ರಗಳಿದ್ದ ಕೋಣೆಗೆ ಮನೆಯವರ ಹೊರತು ಬೇರಾರಿಗೂ ಪ್ರವೇಶವಿರಲಿಲ್ಲ. ಯಾರನ್ನೂ ಅವಮಾನಪಡಿಸುವುದಕ್ಕಾಗಿ ಮಾಡಿದ ಏರ್ಪಾಡಲ್ಲ ಇದು. ಒಂದು ಬಾಗಿಲು ಮುರಿದರೂ ಇಡೀ ಮನೆ ಸೂರೆಯಾಗಬಾರದೆಂಬ ವಿವೇಕ. ಇಂದು ಕಳ್ಳಕಾಕರ ಭಯದಿಂದ ಬಾಗಿಲ ಮೇಲೆ ಕ್ಯಾಮೆರಾ ಕೂರಿಸುತ್ತಿರುವ ನಾವು ಈ ವಿವೇಕವನ್ನು ಮರೆತಂತಿದೆ.

ಇಂಟರ್ನೆಟ್ಟಿಗೆ ಕೂಡಿಸಿದ ಕ್ಯಾಮೆರಾ ವಾಸ್ತವವಾಗಿ ಮಸೂರ ತೊಟ್ಟ ಒಂದು ಪುಟ್ಟ ಕಂಪ್ಯೂಟರು. ಅದರೊಳಗೆ ಪ್ರೊಸೆಸರ್ ಉಂಟು, ಮೆಮೊರಿ ಉಂಟು, ಆಜ್ಞೆಗಳನ್ನು ನಡೆಸುವ ಸಾಫ್ಟ್‌ವೇರ್ ಉಂಟು. ಆಜ್ಞಾಪಿಸುವವನು ಮನೆಯ ಯಜಮಾನನೋ ಪರದೇಶದ ವಂಚಕನೋ ಎಂಬ ವಿವೇಚನೆ ಮಾತ್ರ ಅದಕ್ಕಿಲ್ಲ. ಸರಿಯಾದ ಪಾಸ್‌ವರ್ಡ್ ಕೊಟ್ಟವನೇ ಅದಕ್ಕೆ ಒಡೆಯ.

2016ರಲ್ಲಿ ಜಗತ್ತು ಇದನ್ನು ಕಣ್ಣಾರೆ ಕಂಡಿತು. ಮಿರಾಯ್ ಎಂಬ ದುಷ್ಟ ಸಾಫ್ಟ್‌ವೇರ್ ಲಕ್ಷಗಟ್ಟಲೆ ಕ್ಯಾಮೆರಾ, ವಿಡಿಯೋ ರೆಕಾರ್ಡರ್ ಮತ್ತು ರೌಟರುಗಳನ್ನು ವಶಪಡಿಸಿಕೊಂಡಿತು. ಅದರ ಉಪಾಯ ಅತಿ ಸರಳವಾದುದು. ಕಾರ್ಖಾನೆಯಲ್ಲಿಯೇ ಇಟ್ಟು, ಕೊಂಡವರು ಬದಲಿಸದೆ ಬಿಟ್ಟ ಹೆಸರು ಮತ್ತು ಪಾಸ್‌ವರ್ಡುಗಳ ಅರುವತ್ತಕ್ಕೂ ಹೆಚ್ಚು ಜೋಡಿಗಳನ್ನು ಇಟ್ಟುಕೊಂಡು ಅದು ಒಂದೊಂದಾಗಿ ಪ್ರಯತ್ನಿಸುತ್ತಿತ್ತು. ಆ ವರ್ಷದ ಅಕ್ಟೋಬರ್ 21ರಂದು ಇಂತಹ ಸೇನೆಯೊಂದು ಅಮೆರಿಕದ ಡೈನ್ ಎಂಬ ಸಂಸ್ಥೆಯ ಮೇಲೆ ಮುಗಿಬಿದ್ದಿತು. ತಾಣಗಳ ಹೆಸರಿನಿಂದ ಅವುಗಳ ವಿಳಾಸವನ್ನು ತಿಳಿಸುವುದು ಆ ಸಂಸ್ಥೆಯ ಕೆಲಸ. ಪರಿಣಾಮವಾಗಿ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ತಾಣಗಳು ಅನೇಕರಿಗೆ ಗಂಟೆಗಟ್ಟಲೆ ತೆರೆಯದಾದುವು.

ಇನ್ನು ಮನೆಯೊಳಗಣ ಸ್ಥಿತಿಯನ್ನು ನೋಡೋಣ. ರೌಟರ್ ನಮ್ಮ ಜಾಲದ ಹೆಬ್ಬಾಗಿಲು. ಹೊರಗಿನಿಂದ ಕರೆಯದೆ ಬಂದವರನ್ನು ಅದು ಸಾಮಾನ್ಯವಾಗಿ ತಡೆಯುತ್ತದೆ. ಒಳಗಿರುವವರು ತಮ್ಮತಮ್ಮಲ್ಲಿ ಆಡುವ ಮಾತಿಗೆ ಅಡ್ಡಬರುವುದಿಲ್ಲ. ಒಂದೇ ವೈಫೈಗೆ ಸೇರಿದ ಕ್ಯಾಮೆರಾ, ತಂದೆಯವರು ಬ್ಯಾಂಕಿನ ವ್ಯವಹಾರ ನಡೆಸುವ ಕಂಪ್ಯೂಟರು, ಮಕ್ಕಳ ಫೋನು ಎಲ್ಲವೂ ಒಂದೇ ಹಜಾರದಲ್ಲಿ ಕುಳಿತಂತೆ. ಕ್ಯಾಮೆರಾವನ್ನು ವಶಪಡಿಸಿಕೊಂಡವನು ಅಲ್ಲಿಂದಲೇ ನೆರೆಯ ಕಂಪ್ಯೂಟರಿನ ಕದ ತಟ್ಟಿ, ಹಳೆಯ ಸಾಫ್ಟ್‌ವೇರಿನಲ್ಲಿ ಬಿರುಕು ಹುಡುಕಬಲ್ಲನು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಪರಿಹಾರ ದುಬಾರಿಯಾದುದಲ್ಲ. ಇಂದಿನ ಬಹುತೇಕ ರೌಟರುಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬ ಸೌಲಭ್ಯವುಂಟು. ಬೇರೆ ಹೆಸರು, ಬೇರೆ ಪಾಸ್‌ವರ್ಡುಳ್ಳ ಈ ಎರಡನೆಯ ಜಾಲಕ್ಕೆ ಇಂಟರ್ನೆಟ್ಟಿನ ದಾರಿಯುಂಟು, ನಡುಮನೆಯ ದಾರಿಯಿಲ್ಲ. ಕ್ಯಾಮೆರಾಕ್ಕೆ ತಕ್ಕ ಜಗಲಿಯೆಂದರೆ ಇದೇ. ತಂತಿಯ ಕ್ಯಾಮೆರಾಗಳುಳ್ಳವರಿಗೆ ವಿ-ಲ್ಯಾನ್ ಎಂಬ ಕ್ರಮವಿದೆ. 1998ರಲ್ಲಿ ಪ್ರಕಟವಾದ 802.1ಕ್ಯೂ ಮಾನಕದಂತೆ ದತ್ತಾಂಶದ ಪ್ರತಿಯೊಂದು ಕಟ್ಟಿಗೂ 4 ಬೈಟುಗಳ ಚೀಟಿಯೊಂದನ್ನು ಅಂಟಿಸಲಾಗುತ್ತದೆ. ಚೀಟಿಯಲ್ಲಿ 12 ಬಿಟ್ಟುಗಳ ಒಂದು ಸಂಖ್ಯೆಯಿರುವುದು. ಒಂದೇ ತಂತಿಯಲ್ಲಿ ಹರಿದರೂ ಬೇರೆ ಬೇರೆ ಸಂಖ್ಯೆಯ ಕಟ್ಟುಗಳು ಒಂದರ ಜಾಲವನ್ನು ಇನ್ನೊಂದು ಹೊಗಲಾರವು.

ಇದರಿಂದ ಅನನುಕೂಲಗಳಿಲ್ಲವೆ? ಉಂಟು. ಮನೆಯಲ್ಲಿದ್ದುಕೊಂಡೇ ಫೋನಿನಲ್ಲಿ ದೃಶ್ಯವನ್ನು ನೋಡಬೇಕಾದಾಗ ಅದು ಕೆಲವು ವೇಳೆ ಹೊರಗಿನ ಸರ್ವರನ್ನು ಸುತ್ತಿ ಬರಬೇಕಾದೀತು. ಗೆಸ್ಟ್ ಜಾಲದಲ್ಲಿರುವ ಉಪಕರಣಗಳು ಪರಸ್ಪರ ಮಾತನಾಡದಂತೆ ತಡೆಯುವ ರೌಟರುಗಳಲ್ಲಿ ಕ್ಯಾಮೆರಾ ತನ್ನ ರೆಕಾರ್ಡರನ್ನೇ ಕಾಣದೆಹೋದೀತು. ಮುಖ್ಯವಾಗಿ, ಜಾಲವನ್ನು ಬೇರ್ಪಡಿಸಿದ ಮಾತ್ರಕ್ಕೆ ಕ್ಯಾಮೆರಾ ಮಿರಾಯ್ ಸೇನೆಗೆ ಸೇರುವುದು ನಿಲ್ಲುವುದಿಲ್ಲ; ಅದಕ್ಕೆ ಪಾಸ್‌ವರ್ಡ್ ಬದಲಿಸಬೇಕು, ಸಾಫ್ಟ್‌ವೇರನ್ನು ಕಾಲಕಾಲಕ್ಕೆ ನವೀಕರಿಸಬೇಕು. ಆದರೂ ಬೆಂಕಿ ಬಿದ್ದ ಕೋಣೆಯಿಂದ ಮುಂದಿನ ಕೋಣೆಗೆ ಅದು ಹರಡದಂತೆ ನಿಲ್ಲಿಸುವ ಗೋಡೆ ಬೇಡವೆನ್ನುವವರು ಯಾರು?

ಈ ಹೊಣೆಯನ್ನೆಲ್ಲ ಗೃಹಸ್ಥನ ತಲೆಗೇ ಕಟ್ಟುವುದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ. ಎಲ್ಲ ಉಪಕರಣಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್ 29ರಿಂದ ಕಾನೂನಿನ ಮೂಲಕ ನಿಷೇಧಿಸಿದೆ. ಅದೇ ರೀತಿ, ಇಂಟರ್ನೆಟ್ ಸಂಪರ್ಕ ಕೊಡಲು ಬಂದವರು ರೌಟರನ್ನು ಕೂಡಿಸುವಾಗಲೇ ಕ್ಯಾಮೆರಾಗಳಿಗೆಂದು ಬೇರೆ ಜಾಲವನ್ನು ಸಿದ್ಧಮಾಡಿಕೊಡುವುದು ವಾಡಿಕೆಯಾಗಬೇಕು. ಸಾಮಾನ್ಯನು ಕೇಳಿ ಪಡೆಯಬೇಕಾದ ಸುರಕ್ಷತೆ ಅನೇಕರಿಗೆ ದೊರೆಯದೆಯೇ ಹೋಗುತ್ತದೆ.

ಅಲ್ಲಿಯವರೆಗೆ ಈ ಕೆಲಸ ವಿದ್ಯಾರ್ಥಿಗಳಾದ ನಿಮ್ಮದು. ಮನೆಯ ಹಿರಿಯರ ಅನುಮತಿ ಪಡೆದು ಗೆಸ್ಟ್ ಜಾಲವನ್ನು ತೆರೆಯಿರಿ. ಕ್ಯಾಮೆರಾವನ್ನು ಅಲ್ಲಿಗೆ ವರ್ಗಾಯಿಸಿರಿ. ಬಳಿಕ ನಿಮ್ಮ ಫೋನನ್ನೂ ಅದೇ ಜಾಲಕ್ಕೆ ಸೇರಿಸಿ, ಮನೆಯ ಪ್ರಿಂಟರನ್ನಾಗಲಿ ಕಂಪ್ಯೂಟರನ್ನಾಗಲಿ ತಲಪಲು ಯತ್ನಿಸಿ ನೋಡಿರಿ. ತಲಪಲಾಗದಿದ್ದರೆ ಗೋಡೆ ನಿಂತಿದೆಯೆಂದು ತಿಳಿಯಬಹುದು. ತಲಪಿದರೆ ರೌಟರಿನ ಏರ್ಪಾಡನ್ನು ಮತ್ತೊಮ್ಮೆ ಪರಿಶೀಲಿಸತಕ್ಕದ್ದು. ಅರ್ಧ ಗಂಟೆಯ ಈ ಪ್ರಯೋಗಕ್ಕೆ ಪ್ರಯೋಗಶಾಲೆಯೂ ಬೇಡ, ಹಣವೂ ಬೇಡ.