ಓಣಿ ಇಲ್ಲದ ಊರಿನಲ್ಲಿ ಅವ್ವ

ಸಿಂಗಪುರಕ್ಕೆ ಹೊರಟವರು ಬ್ಯಾಗ್ ಕಟ್ಟುವಾಗ ಎರಡು ಡಬ್ಬಿ ಹೊರಗಿಡಿ. ಒಂದು ತಂಬಾಕಿನದು, ಇನ್ನೊಂದು ಗಸಗಸೆಯದು. ಅಗಿಯುವ ತಂಬಾಕು ಅಲ್ಲಿ ನಿಷಿದ್ಧ. ಗಸಗಸೆಯನ್ನಂತೂ ಮಾದಕ ವಸ್ತುಗಳ ಸಾಲಿಗೇ ಸೇರಿಸಿದ್ದಾರೆ. ಕಲಘಟಗಿಯಿಂದ ಹೊರಡುವ ಹಿಂದಿನ ದಿನ ಇದನ್ನು ಹೇಳಿದರೆ ಅವ್ವ, ಗಸಗಸೆ ಹಚ್ಚಿ ಮಾಡಿದ್ದ ಅತ್ರಾಸಿನ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟು ಬಂದಳು. "ಅತ್ರಾಸಕ್ಕ ಅಂಜೂ ಊರಿಗೆ ಯಾಕ ಹೊಂಟೇವಿ ನಾವು?" ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾತ್ರ ನಮ್ಮ ಜೊತೆ ವಿಮಾನ ಹತ್ತಿದವು.

ಇನ್ನೆರಡು ಮಾತು ಹೇಳಿ ಮುಂದೆ ಹೋಗ್ತೀನಿ. ನಮಗೆ ಮೊದಲೇ ವೀಸಾ ಬೇಕು. ಅರೈವಲ್ ಕಾರ್ಡನ್ನು ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ಅದು ಪೂರ್ತಿ ಉಚಿತ, ದುಡ್ಡು ಕೇಳುವ ಸೈಟ್ ಕಂಡರೆ ಅಲ್ಲೇ ಮುಚ್ಚಿಬಿಡಿ. ಬೆಂಗಳೂರಿನಿಂದ ವಿಮಾನಕ್ಕೆ ನಾಲ್ಕೂವರೆ ತಾಸು. ಕಲಘಟಗಿಯಿಂದ ಬೆಂಗಳೂರು ಮುಟ್ಟುವುದಕ್ಕೆ ಹೆಚ್ಚು ಕಡಿಮೆ ಅದರ ಎರಡು ಪಟ್ಟು!

ಇಡೀ ದೇಶವೇ ನಮ್ಮ ಧಾರವಾಡ ಜಿಲ್ಲೆಯ ಆರನೇ ಒಂದು ಪಾಲಿನಷ್ಟು. ಅಷ್ಟರಲ್ಲೇ ಸುಮಾರು 60 ಲಕ್ಷ ಜನ. ಸಮಭಾಜಕದ ಹತ್ತಿರ ಇರೋದರಿಂದ ವರ್ಷಪೂರ್ತಿ ಮಳೆ, ಮಳೆ ನಿಂತ ಕೂಡಲೇ ಕುದಿ. ಮರ್ಲಯನ್ ಸಿಂಹ, ಗಾರ್ಡನ್ಸ್ ಬೈ ದ ಬೇಯಲ್ಲಿ ಸಂಜೆ ಬೆಳಗುವ ಕಬ್ಬಿಣದ ಮರಗಳು, ಇವೆಲ್ಲ ನೀವು ರೀಲ್ಸ್‌ನಲ್ಲಿ ನೋಡಿದ್ದೇ. ಚಂದ ಇವೆ, ದುಡ್ಡಿಲ್ಲದೆ ನೋಡಬಹುದು. ಅದಕ್ಕಿಂತ 1859ರಲ್ಲಿ ಶುರುವಾದ ಬೊಟಾನಿಕ್ ಗಾರ್ಡನ್ಸ್‌ಗೆ ಬೆಳಿಗ್ಗೆ ಹೋಗಿ ಕೂತರೆ ಹೆಚ್ಚು ಸಮಾಧಾನ, ಅದು ನನ್ನ ಅಭಿಪ್ರಾಯ.

ಮೆಟ್ರೋ ಹತ್ತಿದಾಗ ಇಂಗ್ಲಿಷ್, ಚೀನೀ, ಮಲಯ, ತಮಿಳು ಎಂದು ನಾಲ್ಕು ಭಾಷೆ ಕಂಡು ನಾನು ಬೆರಗಾದೆ, ಅವ್ವ ಆಗಲಿಲ್ಲ. "ನಮ್ಮ ಸಂತ್ಯಾಗ ಎಷ್ಟ ಭಾಷಾ ಅದಾವು ಎಣಿಸೀಯೇನು?" ಅಂದಳು. ನಿಜ. ತಾಂಡಾದವರ ಲಂಬಾಣಿ, ಗೌಳಿಗರ ಮರಾಠಿ, ಬಳೆಯಂಗಡಿಯ ಉರ್ದು, ಯಲ್ಲಾಪುರ ಕಡೆಯ ಕಾಡಿನಂಚಿನಿಂದ ಬರುವ ಸಿದ್ದಿಗಳ ಕೊಂಕಣಿ, ಎಲ್ಲರ ಚೌಕಾಸಿ ಕನ್ನಡದಲ್ಲಿ. ಸೌತ್ ಬ್ರಿಜ್ ರಸ್ತೆಯಲ್ಲಿ ಮಸೀದಿ, 1827ರ ಮಾರಿಯಮ್ಮನ ಗುಡಿ, ಬುದ್ಧನ ದೇವಾಲಯ ಒಂದರ ಹಿಂದೊಂದು ಕಂಡಾಗಲೂ ಆಕೆ ಮೂರಕ್ಕೂ ಕೈಮುಗಿದು ಮುಂದೆ ನಡೆದಳು, ಅಷ್ಟೇ.

ಆಕೆ ನಿಂತು ನೋಡಿದ್ದು ಬೇರೆಯದನ್ನು.

ನಮ್ಮ ಕುಂದಗೋಳದ ಗೆಳೆಯನೊಬ್ಬ ಅಲ್ಲಿ ಕೆಲಸದಲ್ಲಿದ್ದಾನೆ, ಟೋವಾ ಪಾಯೋ ಎಂಬಲ್ಲಿ ಬಾಡಿಗೆಗೆ ಇದ್ದಾನೆ. ಊಟಕ್ಕೆ ಕರೆದಿದ್ದ. ಸರಕಾರ ಕಟ್ಟಿಸಿದ ಎತ್ತರದ ಬ್ಲಾಕುಗಳು. ಅಲ್ಲಿನ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಇರೋದು ಇಂಥ ಮನೆಗಳಲ್ಲೇ. ನೆಲಮಹಡಿ ನಮ್ಮ ಗುಡಿಕಟ್ಟೆಯ ಹಾಗೆ ಖಾಲಿ ಬಯಲು, ಮಲಯದವರ ಮದುವೆಯೂ ಅಲ್ಲೇ, ಚೀನೀಯರ ಸಾವಿನ ಕಾರ್ಯವೂ ಅಲ್ಲೇ. ಗೆಳೆಯನ ಎದುರು ಬಾಗಿಲಿನವರು ಮಲಯರು, ಪಕ್ಕದಲ್ಲಿ ಚೀನೀ ಅಜ್ಜ, ಕೆಳಗಿನ ಮನೆಯಲ್ಲಿ ತಮಿಳರು.

"ಎಲ್ಲಾರೂ ಕೂಡಿ ಹೆಂಗ ಬಂದ್ರಪಾ ಒಂದ ಕಡೆ?" ಅಂದಳು ಅವ್ವ.

"ತಾವಾಗಿ ಬಂದಿಲ್ರೀ ಕಾಕು, ಕಾನೂನು ಐತಿ" ಅಂದ ಅವನು. 1964ರಲ್ಲಿ ಅಲ್ಲಿ ಮಲಯರಿಗೂ ಚೀನೀಯರಿಗೂ ಗಲಭೆಯಾಗಿ ಜನ ಸತ್ತರು. ಆಮೇಲೆ ಮನೆಗಳು ಎದ್ದರೂ ಒಂದೊಂದು ಜನ ಒಂದೊಂದು ಕಡೆಯೇ ಸೇರತೊಡಗಿದಾಗ, 1989ರಿಂದ ಪ್ರತಿ ಬ್ಲಾಕಿಗೂ ಮಿತಿ ಹಾಕಿದರು. ಚೀನೀಯರು ಇಷ್ಟು, ಮಲಯರು ಇಷ್ಟು, ಭಾರತೀಯರು ಮತ್ತು ಇತರರು ಇಷ್ಟು. ಒಂದು ಗುಂಪಿನ ಮಿತಿ ತುಂಬಿತೋ, ಬೇರೆ ಗುಂಪಿನವರು ತಮ್ಮ ಮನೆಯನ್ನು ಆ ಗುಂಪಿನವರಿಗೆ ಮಾರುವಂತಿಲ್ಲ. ಇದರಿಂದ ಅಲ್ಪಸಂಖ್ಯಾತರ ಮನೆಗೆ ಕೊಳ್ಳುವವರೇ ಕಡಿಮೆಯಾಗಿ ರೇಟು ಇಳಿಯುತ್ತದೆ ಎಂಬ ತಕರಾರೂ ಇದೆ.

ನಮ್ಮ ಕಡೆ ಓಣಿಯ ಹೆಸರು ಹೇಳಿದರೆ ಜಾತಿ ಹೇಳಿದ ಹಾಗೆ. ಬೆಂಗಳೂರಿನಲ್ಲಿ ನನ್ನನ್ನು ಓನರ್ ಒಬ್ಬರು ಹೆಸರು ಕೇಳುವ ಮೊದಲು "ಪ್ಯೂರ್ ವೆಜ್ಜಾ?" ಅಂತ ಕೇಳಿದ್ದರು. ನೀವೂ ಈ ಪ್ರಶ್ನೆ ದಾಟಿಯೇ ಪಿಜಿ, ಫ್ಲಾಟು ಹಿಡಿದಿರಬೇಕು. ಅದಕ್ಕೇ ನನಗೆ ಆ ಬ್ಲಾಕು ಸ್ವರ್ಗದ ಹಾಗೆ ಕಂಡಿತು. ಗೆಳೆಯ ನಕ್ಕ. "ಕೊಳ್ಳೋದಕ್ಕ ಕಾನೂನು ಐತಿ. ಬಾಡಗಿ ಕೇಳಾಕ ಹೋಗು, 'ಇಂಡಿಯನ್ಸ್ ಬ್ಯಾಡ' ಅಂತಾರ. ಒಗ್ಗರಣಿ ವಾಸನಿ ಗ್ವಾಡಿಗೆ ಹತ್ತತೈತಂತ. ನಾ ನಾಕ ಮನಿ ಕಳಕೊಂಡ ಮ್ಯಾಲ ಈ ಮನಿ ಸಿಕ್ತು."

ಅವ್ವ ತಾಟಿನಿಂದ ಕೈ ತೆಗೆದಳು. "ನಮಗಾ? ನಮಗ ಮನಿ ಕೊಡಂಗಿಲ್ಲಂತಾರ?"

ಊರಲ್ಲಿ ನಮ್ಮ ಮನೆಯ ಮಾಳಿಗೆ ಮೇಲೆ ಎರಡು ರೂಮಿವೆ. ಅಪ್ಪ ತೀರಿದ ಮೇಲೆ ಆ ಬಾಡಿಗೆಯೇ ಅವ್ವನ ಕೈಖರ್ಚು. ಹೋದ ವರ್ಷ ಒಬ್ಬ ನರ್ಸಮ್ಮ ಬಂದಿದ್ದರು. ಅವ್ವ ನೀರು ಕೊಟ್ಟು, ಮಾತಾಡಿಸಿ, ಹೆಸರು ಕೇಳಿದ ಮೇಲೆ "ನಮ್ಮ ತಮ್ಮನ ಮಗ ಬರಾಂವ ಅದಾನ್ರೀ" ಅಂದಿದ್ದಳು. ತಮ್ಮನ ಮಗ ಬರಲಿಲ್ಲ, ಬರೋದೂ ಇರಲಿಲ್ಲ. ಎಂಟು ತಿಂಗಳು ರೂಮಿಗೆ ಬೀಗ. ಈ ವಿಷಯಕ್ಕೆ ನಾವಿಬ್ಬರೂ ಎಷ್ಟು ಸಲ ಜಗಳಾಡಿದ್ದೇವೋ ಲೆಕ್ಕವಿಲ್ಲ. ಅವತ್ತು ಟೋವಾ ಪಾಯೋದಲ್ಲಿ ನಾನು ಬಾಯಿ ಬಿಡಲಿಲ್ಲ. ಊಟವಾದ ಮೇಲೆ ಆಕೆ ಅಡುಗೆಮನೆಗೆ ಹೋಗಿ ಒಲೆಯ ಹಿಂದಿನ ಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಗೆಳೆಯ ಬೇಡ ಅಂದರೂ ಕೇಳಲಿಲ್ಲ.

ಊರಿಗೆ ಬಂದ ಮೇಲೆ ಓಣಿಯ ಹೆಂಗಸರು ಫೋಟೋ ನೋಡಲು ಬಂದರು. ಕಬ್ಬಿಣದ ಮರದ ಸುದ್ದಿ ಎರಡೇ ಮಾತಿನಲ್ಲಿ ಮುಗೀತು. "ಅಂಥಾ ಊರಾಗೂ ನಮ್ಮ ಹುಡುಗಗ ಒಗ್ಗರಣಿ ಸಲವಾಗಿ ಮನಿ ಕೊಡಲಿಲ್ಲಂತ" ಅನ್ನೋದನ್ನು ಮಾತ್ರ ಬಂದವರಿಗೆಲ್ಲ ಹೇಳಿದಳು.

ಮೊನ್ನೆ ಬೆಂಗಳೂರಿನಿಂದ ಫೋನ್ ಮಾಡಿದಾಗ ರೂಮಿನ ಸುದ್ದಿ ಕೇಳಿದೆ. ಹೈಸ್ಕೂಲಿಗೆ ಹೊಸದಾಗಿ ಬಂದ ಟೀಚರ್ ಒಬ್ಬರು ನೋಡಿಕೊಂಡು ಹೋಗಿದ್ದಾರಂತೆ. ಯಾರ ಪೈಕಿ ಅಂತ ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

"ಮುಂಗಡ ಎಷ್ಟ ಕೇಳಬೇಕವಾ ಈಗ?" ಅಂದಳು.